ತಜ್ಞರ ವರದಿಯೋ, ಗ್ರಾಮಸಭೆಯ ನಿರ್ಣಯವೋ?

ಮಳೆಗಾಲ ಶುರುವಾಯಿತೆಂದರೆ ಮುಂಡಾಜೆಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಕೆಲಸಕ್ಕೆ ಬಿಡುವಿಲ್ಲ. ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಇಲ್ಲದಿದ್ದರೆ ಕೊಳೆರೋಗಕ್ಕೆ ಫಸಲು ಉದುರಿ ಹೋಗುತ್ತದೆ ಎಂದು ಇಲ್ಲಿನ ಪ್ರತಿ ಕೃಷಿಕನಿಗೂ ಗೊತ್ತು. ಈ ಮದ್ದು ನಮ್ಮ ತೋಟಕ್ಕೆ ಬಂದದ್ದು ಹೇಗೆ? 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ರೈತರು, ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ರೋಗ ಬಾರದಿರುವುದನ್ನು ಅಲ್ಲಿನ ವಿಜ್ಞಾನಿ ಮಿಲಾರ್ಡೆ ಗಮನಿಸಿ, ಪರೀಕ್ಷಿಸಿ, ಅಳತೆ ನಿಗದಿ ಮಾಡಿ 1885ರಲ್ಲಿ ಲೋಕಕ್ಕೆ ತಿಳಿಸಿದರು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿದರು.

ಈ ಕತೆಯಲ್ಲಿ ರೈತ ಮೊದಲೋ, ತಜ್ಞ ಮೊದಲೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ರೈತ ಮಾಡಿದ್ದನ್ನು ವಿಜ್ಞಾನಿ ಕಂಡ, ವಿಜ್ಞಾನಿ ಹೇಳಿದ್ದನ್ನು ರೈತ ತನ್ನ ತೋಟದಲ್ಲಿ ನೋಡಿ ಒಪ್ಪಿದ. ಆದರೆ ಸರಕಾರದ ದೊಡ್ಡ ತೀರ್ಮಾನಗಳ ವಿಷಯ ಬಂದಾಗ ಇದೇ ಸಂಬಂಧ ಕೆಟ್ಟುಹೋಗುವುದನ್ನು ನಾವು ಕಾಣುತ್ತಿದ್ದೇವೆ. ಒಂದು ಕಡೆ "ಇದು ತಜ್ಞರು ಹೇಳಿದ್ದು, ನಿಮಗೆ ತಿಳಿಯದು" ಎನ್ನುವ ಸರಕಾರ. ಇನ್ನೊಂದು ಕಡೆ "ಎ.ಸಿ. ಕೋಣೆಯಲ್ಲಿ ಕೂತವರಿಗೆ ನಮ್ಮ ಕಷ್ಟ ಏನು ಗೊತ್ತು" ಎನ್ನುವ ಜನ. ನಾಡಿನ ದೊಡ್ಡ ತೀರ್ಮಾನಗಳನ್ನು ಯಾರು ಕೈಗೊಳ್ಳಬೇಕು? ಬಲ್ಲವರೋ, ಅಥವಾ ಬಾಳುವವರೋ? ಘಟ್ಟದ ಬುಡದಲ್ಲಿ ಬದುಕುವ ನಮಗೆ ಇದು ಚರ್ಚಾಸ್ಪರ್ಧೆಯ ವಿಷಯವಲ್ಲ, ಮನೆ ಬಾಗಿಲಿನ ವಿಷಯ. ಆದುದರಿಂದ ನಮ್ಮ ಸುತ್ತಮುತ್ತ ನಡೆದ ಕೆಲವು ಸಂಗತಿಗಳನ್ನೇ ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡೋಣ.

ಗೇರು ತೋಟ ಕಲಿಸಿದ ಪಾಠ

ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಹೆಸರು ಇಂದು ಎಂಡೋಸಲ್ಫಾನ್ ಎಂಬ ಪದದೊಂದಿಗೆ ಅಂಟಿಕೊಂಡಿದೆ. ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ವರ್ಷಗಟ್ಟಲೆ ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನಲ್ಲಿಯೂ 1970ರ ದಶಕದ ಕೊನೆಯಿಂದ 2000ದ ವರೆಗೆ ಇದೇ ನಡೆಯಿತು. ಟೀ ಸೊಳ್ಳೆಯಿಂದ ಗೇರು ಬೆಳೆಯನ್ನು ಕಾಪಾಡಲು ಇದು ಬೇಕು, ಹೇಳಿದ ಪ್ರಮಾಣದಲ್ಲಿ ಬಳಸಿದರೆ ಅಪಾಯವಿಲ್ಲ ಎಂಬುದು ಆಗಿನ ತಜ್ಞರ ಅಭಿಪ್ರಾಯ. ಕಾಗದದ ಮೇಲೆ ಎಲ್ಲವೂ ಸರಿ ಇತ್ತು.

ಆದರೆ ಕೆಳಗೆ ಬದುಕುವವರು ಬೇರೆಯೇ ಕಂಡರು. ಕರುಗಳು ವಿಕಲವಾಗಿ ಹುಟ್ಟಿದವು, ಜೇನುನೊಣಗಳು ಸತ್ತವು, ಮಕ್ಕಳು ಕೈಕಾಲು ಸೆಟೆದು, ಬುದ್ಧಿ ಬೆಳೆಯದೆ ಹಾಸಿಗೆ ಹಿಡಿದರು. ಕಾಸರಗೋಡಿನ ಪಡ್ರೆಯ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಈ ಬಗ್ಗೆ ಬರೆದರು. ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮತ್ತೆ ಮತ್ತೆ ಕಾಣಿಸುತ್ತಿರುವುದನ್ನು ಗುರುತಿಸಿದರು. ಕೇಳುವವರು ಬಹಳ ವರ್ಷ ಇರಲಿಲ್ಲ. "ಸಂಬಂಧ ಸಾಬೀತಾಗಿಲ್ಲ" ಎಂಬ ಒಂದೇ ಉತ್ತರ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಜನ ಕಂಡದ್ದು ನಿಜವೆಂದು ಕೊನೆಗೆ ಲೋಕ ಒಪ್ಪಿದ್ದು ಕೂಗಿನಿಂದ ಮಾತ್ರವಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದು, ಸಿಂಪಡಣೆಯಾದ ಊರಿನ ಮಕ್ಕಳನ್ನೂ ಆಗದ ಊರಿನ ಮಕ್ಕಳನ್ನೂ ಹೋಲಿಸಿ, ವ್ಯತ್ಯಾಸ ಇರುವುದನ್ನು 2002ರ ವರದಿಯಲ್ಲಿ ತೋರಿಸಿದರು. ಬಳಿಕ ಕೇಂದ್ರ ನೇಮಿಸಿದ ಇನ್ನೊಂದು ತಜ್ಞ ಸಮಿತಿ ಸಂಬಂಧವಿಲ್ಲವೆಂದಿತು. ಹೋರಾಟ ಮುಂದುವರಿಯಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ತಪ್ಪನ್ನು ಮೊದಲು ಕಾಣುವವರು ಅದರ ಕೆಳಗೆ ಬದುಕುವವರು. ಆದರೆ ಕಂಡದ್ದನ್ನು ಸಿದ್ಧಪಡಿಸಿ ತೋರಿಸಲು ಅಳೆಯಬಲ್ಲವರು ಬೇಕು. ಒಬ್ಬರಿಗೆ ಕಣ್ಣು, ಇನ್ನೊಬ್ಬರಿಗೆ ಅಳತೆಗೋಲು. ಇಬ್ಬರನ್ನೂ ಒಂದೆಡೆ ಕೂರಿಸಲು ಸುಮಾರು 20 ವರ್ಷ ತಡವಾದದ್ದರ ಬೆಲೆಯನ್ನು ತೆತ್ತವರು ಮಾತ್ರ ತೀರ್ಮಾನ ಮಾಡಿದವರಲ್ಲ. ಆ ಮಕ್ಕಳೂ ಅವರ ತಾಯಂದಿರೂ ತೆತ್ತರು, ಇಂದಿಗೂ ತೆರುತ್ತಿದ್ದಾರೆ.

ಬಿದಿರು ಹಿಂಡಿಲಿನ ಮುಳ್ಳು

ಇನ್ನೊಂದು ಪ್ರಸಂಗ ಉತ್ತರ ಕನ್ನಡದ್ದು. 1970ರ ದಶಕದಲ್ಲಿ ಅಲ್ಲಿನ ಕಾಡುಗಳಲ್ಲಿ ಬಿದಿರು ಕರಗುತ್ತಾ ಬಂತು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಸರಕಾರ ಒಂದು ಟನ್ ಬಿದಿರನ್ನು ಒಂದೂವರೆ ರೂಪಾಯಿಯಂತೆ ಕೊಡುತ್ತಿದ್ದ ಕಾಲ ಅದು. ಆದರೂ ಬಿದಿರು ಮುಗಿಯಲು ಕಾರಣ ಬುಟ್ಟಿ ಹೆಣೆಯುವವರು ಮತ್ತು ದನ ಮೇಯಿಸುವವರು ಎಂದು ದೂರು. ನಿಜ ಏನೆಂದು ತಿಳಿಯಲು ರಾಜ್ಯ ಸರಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರನ್ನು ಕೇಳಿಕೊಂಡಿತು.

ಬಿದಿರು ಹಿಂಡಿಲಿನ ಬುಡದಲ್ಲಿ ಮುಳ್ಳಿನ ಗೆಲ್ಲುಗಳ ಹೊದಿಕೆ ಇರುತ್ತದೆ. ಅದನ್ನು ಬಿಡಿಸಿ ಚೊಕ್ಕಟ ಮಾಡಿದರೆ ಕಳಲೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅಧಿಕಾರಿಗಳ ಮತ್ತು ಕಾರ್ಖಾನೆಯವರ ನಂಬಿಕೆ. ಹಳ್ಳಿಯವರು ಹೇಳಿದ್ದು ತದ್ವಿರುದ್ಧ: ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿಗಳು ತಿಂದು ಮುಗಿಸುತ್ತವೆ, ಹಿಂಡಿಲೇ ಸಾಯುತ್ತದೆ. ಗಾಡ್ಗೀಳರು ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಅವರು ಮುಂದೆ ಪಶ್ಚಿಮ ಘಟ್ಟದ ಬಗ್ಗೆ ಬರೆದ ವರದಿಯಲ್ಲಿ ಗ್ರಾಮಸಭೆಗೆ ಅಷ್ಟು ದೊಡ್ಡ ಸ್ಥಾನ ಕೊಟ್ಟದ್ದನ್ನು ಓದುವಾಗ ಈ ಬಿದಿರಿನ ಅನುಭವ ನೆನಪಿರಬೇಕು.

ಒಂದು ಘಟ್ಟ, ಎರಡು ವರದಿ

ಈಗ ನಮ್ಮದೇ ಬಾಗಿಲಿನ ವಿಷಯಕ್ಕೆ ಬರೋಣ. ಪಶ್ಚಿಮ ಘಟ್ಟವನ್ನು ಉಳಿಸುವುದು ಹೇಗೆಂದು ತಿಳಿಸಲು 2010ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. 2011ರ ಆಗಸ್ಟ್ 31ರಂದು ವರದಿ ಸಲ್ಲಿಕೆಯಾಯಿತು. ಇಡೀ ಘಟ್ಟ ಪ್ರದೇಶವನ್ನು ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಬೇಕು, ಒಂದೊಂದು ವಲಯಕ್ಕೆ ಒಂದೊಂದು ಬಗೆಯ ನಿಯಮ ಇರಬೇಕು ಎಂಬುದು ಅದರ ಸಾರ. ಆದರೆ ಗಡಿರೇಖೆಗಳೂ ನಿಯಮಗಳೂ ಅಂತಿಮವಲ್ಲ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಕೆಳಗಿನಿಂದ ಮೇಲಕ್ಕೆ ನಿರ್ಧಾರವಾಗಬೇಕು ಎಂದೂ ಅದು ಹೇಳಿತ್ತು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ 25 ಗ್ರಾಮಸಭೆಗಳು ತಾವಾಗಿಯೇ "ನಮ್ಮ ಊರನ್ನು ಸೂಕ್ಷ್ಮ ಪ್ರದೇಶವೆಂದು ಘೋಷಿಸಿ" ಎಂದು ನಿರ್ಣಯ ಮಾಡಿದ್ದನ್ನು ವರದಿ ಉಲ್ಲೇಖಿಸಿತು. ಗಣಿಗಾರಿಕೆಯ ಬಿಸಿ ತಾಗಿದ್ದ ಊರುಗಳವು.

ನೂರಾರು ಪುಟಗಳ ಆ ಇಂಗ್ಲಿಷ್ ವರದಿ ತಿಂಗಳುಗಟ್ಟಲೆ ಸರಕಾರದ ಕಪಾಟಿನಲ್ಲಿಯೇ ಉಳಿಯಿತು. ಮಾಹಿತಿ ಹಕ್ಕಿನಲ್ಲಿ ಕೇಳಿದವರು ಮಾಹಿತಿ ಆಯೋಗಕ್ಕೂ, ಸರಕಾರ ದೆಹಲಿ ಹೈಕೋರ್ಟಿಗೂ ಹೋದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಗ್ರಾಮಸಭೆ ಚರ್ಚಿಸಬೇಕೆಂದು ಹೇಳುವ ವರದಿಯನ್ನೇ ಗ್ರಾಮಸಭೆಯಿಂದ ಬಚ್ಚಿಟ್ಟದ್ದು ಎಂಥ ವಿಪರ್ಯಾಸ!

2012ರ ಆಗಸ್ಟಿನಲ್ಲಿ ಬಾಹ್ಯಾಕಾಶ ವಿಜ್ಞಾನಿ ಡಾ. ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಇನ್ನೊಂದು ಸಮಿತಿ ಬಂತು. 2013ರ ಏಪ್ರಿಲಿನಲ್ಲಿ ಕೊಟ್ಟ ಈ ವರದಿ ಘಟ್ಟ ಪ್ರದೇಶದ ಸುಮಾರು ಶೇ. 37 ಭಾಗವನ್ನು, ಅಂದರೆ 59,940 ಚದರ ಕಿಲೋಮೀಟರನ್ನು ಮಾತ್ರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಗುರುತಿಸಿದ್ದು ಉಪಗ್ರಹ ಚಿತ್ರದ ಮೂಲಕ. ಒಂದು ಗ್ರಾಮದ ಶೇ. 20ರಷ್ಟು ಅಥವಾ ಹೆಚ್ಚು ಜಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರಿತು. ಆರು ರಾಜ್ಯಗಳ 4,156 ಗ್ರಾಮಗಳ ಪಟ್ಟಿಯಲ್ಲಿ ಕರ್ನಾಟಕದ್ದು 1,576. ದಕ್ಷಿಣ ಕನ್ನಡದ 46 ಗ್ರಾಮಗಳಲ್ಲಿ 17 ನಮ್ಮ ಬೆಳ್ತಂಗಡಿ ತಾಲೂಕಿನವು.

ಉಪಗ್ರಹದ ಕಣ್ಣಿಗೆ ನೆಲ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮಿತಿ ಬಳಸಿದ ಚಿತ್ರದ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 24 ಮೀಟರ್ ಉದ್ದ, 24 ಮೀಟರ್ ಅಗಲದ ತುಂಡು. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ 14 ಸೆಂಟ್ಸ್. ಐದು ಸೆಂಟ್ಸ್‌ನ ಮನೆ, ಅಂಗಳ, ಹಟ್ಟಿ ಅದರೊಳಗೆ ಮುಳುಗಿಹೋಗುತ್ತದೆ. ರಬ್ಬರ್ ಮತ್ತು ತೋಟಗಳ ಹಸಿರು ಕೂಡ ಕಾಡಿನ ಹಸಿರಾಗಿ ಲೆಕ್ಕಕ್ಕೆ ಸೇರಿದೆ ಎಂಬ ದೂರು ಹಲವು ಕಡೆಗಳಿಂದ ಬಂತು. ಕೇರಳ ಸರಕಾರ 2013ರಲ್ಲಿ ಪ್ರೊ. ಉಮ್ಮನ್ ವಿ. ಉಮ್ಮನ್ ಸಮಿತಿ ನೇಮಿಸಿ ಜನರ ಅಹವಾಲು ಕೇಳಿಸಿತು, ನೆಲದ ಮೇಲೆ ಪರಿಶೀಲಿಸಿತು. ಅಲ್ಲಿನ ಸೂಕ್ಷ್ಮ ಪ್ರದೇಶ 13,108 ಚದರ ಕಿ.ಮೀ.ನಿಂದ 9,993.7ಕ್ಕೆ ಇಳಿಯಿತು. ಆಕಾಶದಿಂದ ನೋಡಿದ್ದನ್ನು ನೆಲದಲ್ಲಿ ನಡೆದು ನೋಡಿ ತಿದ್ದುವ ಅವಕಾಶ ಇತ್ತು ಎಂಬುದಕ್ಕೆ ಇದೇ ಸಾಕ್ಷಿ.

ಗಾಡ್ಗೀಳರು 2013ರ ಮೇ ತಿಂಗಳಲ್ಲಿ ಕಸ್ತೂರಿರಂಗನ್ ಅವರಿಗೆ ಬಹಿರಂಗ ಪತ್ರ ಬರೆದರು. ಆರ್ಥಿಕ ತೀರ್ಮಾನಗಳಲ್ಲಿ ಸ್ಥಳೀಯರಿಗೆ ಪಾತ್ರವಿಲ್ಲವೆಂಬ ಧೋರಣೆ ಹೊಸ ವರದಿಯಲ್ಲಿದೆ, ಇದು ಸಂವಿಧಾನದ ಆಶಯಕ್ಕೆ ವಿರುದ್ಧ ಎಂಬುದು ಅವರ ಆಕ್ಷೇಪ. ಹೀಗೆ "ಯಾರು ತೀರ್ಮಾನಿಸಬೇಕು" ಎಂಬ ಪ್ರಶ್ನೆ ಇಬ್ಬರು ಹಿರಿಯ ವಿಜ್ಞಾನಿಗಳ ನಡುವೆಯೇ ಎದ್ದಿತು. ವಿಚಿತ್ರವೆಂದರೆ, ಜನರ ಕೈಗೆ ಅಧಿಕಾರ ಕೊಡಿ ಎಂದ ಗಾಡ್ಗೀಳ್ ವರದಿಯನ್ನೇ ಜನ ಹೆಚ್ಚು ಹೆದರಿದರು.

ಆ ಹೆದರಿಕೆ ಎಲ್ಲಿಂದ ಬಂತು?

ಜನರ ಭಯವನ್ನು ತಿಳಿಗೇಡಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಬೇರು ಇತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ನಮ್ಮ ತಾಲೂಕಿನ ಮನೆಗಳೂ ಸಿಲುಕಿದವು. ರಸ್ತೆ ಇಲ್ಲ, ವಿದ್ಯುತ್ ಇಲ್ಲ, ಒಕ್ಕಲೆಬ್ಬಿಸುತ್ತಾರೆಂಬ ಆತಂಕ ತಪ್ಪಲಿಲ್ಲ ಎಂಬುದನ್ನು ಅಕ್ಕಪಕ್ಕದವರು ಕಣ್ಣಾರೆ ಕಂಡಿದ್ದಾರೆ. ಘಟ್ಟದ ಬುಡದಲ್ಲಿ ಎಷ್ಟೋ ಕುಟುಂಬಗಳಿಗೆ ಕೃಷಿ ಮಾಡಿದ ಜಾಗದ ಹಕ್ಕುಪತ್ರ ಇನ್ನೂ ಕೈಸೇರಿಲ್ಲ. ಕುಮ್ಕಿ, ಅಕ್ರಮ-ಸಕ್ರಮ, ಡೀಮ್ಡ್ ಫಾರೆಸ್ಟ್ ಎಂಬ ಪದಗಳು ಕಿವಿಗೆ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಅರಣ್ಯ ಇಲಾಖೆಯ ಗೆರೆ ಒಮ್ಮೆ ಬಿದ್ದರೆ ಅಳಿಸುವುದು ಕಷ್ಟ ಎಂಬುದು ಅನುಭವದ ಮಾತು.

ಹಾಗೆಂದು ಹೆದರಿಕೆ ಹೇಳಿದ್ದೆಲ್ಲ ವರದಿಯಲ್ಲಿ ಇರಲಿಲ್ಲ. ಸೂಕ್ಷ್ಮ ಪ್ರದೇಶದಲ್ಲಿ ಕೃಷಿಯನ್ನಾಗಲೀ ತೋಟವನ್ನಾಗಲೀ ಕಸ್ತೂರಿರಂಗನ್ ಸಮಿತಿ ನಿಷೇಧಿಸಿರಲಿಲ್ಲ. ನಿಷೇಧವಿದ್ದದ್ದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ಪಟ್ಟಿಯ ಕೈಗಾರಿಕೆ ಮತ್ತು 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಿಗೆ. ಇರುವ ಮನೆಯ ದುರಸ್ತಿ, ವಿಸ್ತರಣೆಗೆ ಅಡ್ಡಿ ಇಲ್ಲ, ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ ಎಂದು ಕೇಂದ್ರ ನಂತರದ ಕರಡು ಅಧಿಸೂಚನೆಗಳಲ್ಲಿ ಬಿಡಿಸಿ ಹೇಳಿತು. ಆದರೆ ಅಷ್ಟರಲ್ಲಿ "ಮನೆಗೆ ಹಂಚು ಹಾಕಲೂ ಬಿಡುವುದಿಲ್ಲವಂತೆ, ದನ ಸಾಕಲೂ ಬಿಡುವುದಿಲ್ಲವಂತೆ" ಎಂಬ ಮಾತು ಊರೂರು ಸುತ್ತಿಯಾಗಿತ್ತು. ಕನ್ನಡದಲ್ಲಿ ಸರಳವಾಗಿ ಬಿಡಿಸಿ ಹೇಳುವ ಕಾಗದ ಮನೆಗೆ ಬಾರದಿದ್ದಾಗ ಆ ಜಾಗಕ್ಕೆ "ಅಂತೆ" ಬಂದು ಕೂರುತ್ತದೆ. ಕೋರೆಯವರ ಹಿತವೂ ಬಡ ಕೃಷಿಕನ ಭಯವೂ ಒಂದೇ ಘೋಷಣೆಯಲ್ಲಿ ಬೆರೆತುಹೋದವು.

ಕೇರಳದಲ್ಲಿ 2013ರಲ್ಲಿ ಎದ್ದ ಪ್ರತಿಭಟನೆಯಲ್ಲಿ ಇಡುಕ್ಕಿ, ತಾಮರಶ್ಶೇರಿ ಧರ್ಮಪ್ರಾಂತ್ಯಗಳೂ ಮುಂದಿದ್ದವು. ಕಾಡಿನಂಚಿನಲ್ಲಿ ಬೆವರು ಸುರಿಸಿ ಬದುಕು ಕಟ್ಟಿದ ವಲಸಿಗ ಕೃಷಿಕರ ನೋವಿಗೆ ದನಿಯಾದದ್ದು ಸಹಜವೇ. ಅಲ್ಲಿಂದಲೇ ಬಂದು ನಮ್ಮ ತಾಲೂಕಿನಲ್ಲಿ ನೆಲೆಸಿದ ಕುಟುಂಬಗಳಿಗೆ ಆ ನೋವು ಅರ್ಥವಾಗುತ್ತದೆ. ಆದರೆ ಆ ಗದ್ದಲದಲ್ಲಿ ಗುಡ್ಡ ಜರಿಯುವ ಅಪಾಯದ ಬಗ್ಗೆ ತಜ್ಞರು ಹೇಳಿದ್ದು ಎಷ್ಟು ಜನರ ಕಿವಿಗೆ ತಲುಪಿತು ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. 2015ರಲ್ಲಿ ಬಂದ ಪೋಪ್ ಫ್ರಾನ್ಸಿಸ್ ಅವರ 'ಲೌದಾತೊ ಸಿ' ಪತ್ರ ಇಂಥ ಚರ್ಚೆಗಳಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕೆಂದು ಹೇಳುವಾಗಲೇ, ವಿಜ್ಞಾನಿಗಳ ಮಾತನ್ನು ಪ್ರಾಮಾಣಿಕವಾಗಿ ಕೇಳಬೇಕೆಂದೂ ಕಲಿಸುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವಂತಿಲ್ಲ.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದಲ್ಲಿ ಗುಡ್ಡಗಳು ಜರಿದವು. ಮೃತ್ಯುಂಜಯ ಹೊಳೆ ದಿಕ್ಕು ತಪ್ಪಿ ಹರಿದು ಚಾರ್ಮಾಡಿ, ಮುಂಡಾಜೆ ಕಡೆಯ ತೋಟಗಳಲ್ಲಿ ಮರಳು, ಮರದ ದಿಮ್ಮಿಗಳನ್ನು ತುಂಬಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ನೂರಾರು ಜನ ಮಣ್ಣಿನಡಿ ಪ್ರಾಣ ಕಳೆದುಕೊಂಡರು. ಮರುದಿನವೇ ಕೇಂದ್ರ ಸರಕಾರ ಆರನೇ ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಮೊದಲನೆಯದು ಬಂದದ್ದು 2014ರ ಮಾರ್ಚಿನಲ್ಲಿ. ಅದೇ 2024ರ ಸೆಪ್ಟೆಂಬರ್ 26ರಂದು ಕರ್ನಾಟಕ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹತ್ತು ವರ್ಷ, ಆರು ಕರಡು, ತೀರ್ಮಾನ ಮಾತ್ರ ಇಲ್ಲ. ಇದು ತಜ್ಞರ ಗೆಲುವೂ ಅಲ್ಲ, ಜನರ ಗೆಲುವೂ ಅಲ್ಲ. ಘಟ್ಟ ಮಾತ್ರ ಹತ್ತು ಮಳೆಗಾಲ ಕಾದಿತು.

ತಜ್ಞರಲ್ಲೇ ಒಮ್ಮತ ಇಲ್ಲದಿದ್ದರೆ?

"ತಜ್ಞರಿಗೆ ಬಿಟ್ಟುಬಿಡಿ" ಎನ್ನುವವರು ಎತ್ತಿನಹೊಳೆಯ ಲೆಕ್ಕವನ್ನು ನೋಡಬೇಕು. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ ಮೊದಲಾದ ತೊರೆಗಳ ನೀರು ಗುಂಡ್ಯ, ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಅದನ್ನು ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ ಸರಕಾರಿ ಎಂಜಿನಿಯರುಗಳು 24.01 ಟಿ.ಎಂ.ಸಿ. ನೀರು ಸಿಗುತ್ತದೆಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಅವರ ತಂಡ ಆ ಪ್ರದೇಶದಲ್ಲಿ ಒಟ್ಟು ದೊರೆಯುವುದೇ 9.55 ಟಿ.ಎಂ.ಸಿ. ಎಂದಿತು. ಇಬ್ಬರೂ ತಜ್ಞರೇ. ಲೆಕ್ಕದಲ್ಲಿ ಎರಡೂವರೆ ಪಟ್ಟು ಅಂತರ! ಒಮ್ಮೆ 12,912 ಕೋಟಿ ರೂಪಾಯಿಯೆಂದಿದ್ದ ಅಂದಾಜು ವೆಚ್ಚ ಮುಂದೆ 23,251 ಕೋಟಿಗೇರಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಕುಡಿಯುವ ನೀರಿನ ಯೋಜನೆ ಎಂಬ ಹೆಸರಿದ್ದುದರಿಂದ, ದೊಡ್ಡ ಯೋಜನೆಗಳಿಗೆ ಕಡ್ಡಾಯವಾದ ಪರಿಸರ ಅನುಮತಿ ಮತ್ತು ಸಾರ್ವಜನಿಕ ಅಹವಾಲು ಸಭೆ ಇದಕ್ಕೆ ಬೇಕಾಗಲಿಲ್ಲ.

ಕೋಲಾರದ ತಾಯಂದಿರು ಫ್ಲೋರೈಡ್ ನೀರು ಕುಡಿಸುವ ಸಂಕಟವೂ ನಿಜ, ಅದನ್ನು ಕರಾವಳಿಯವರು ಹಗುರವಾಗಿ ಕಾಣಬಾರದು. ಆದರೆ ಎರಡು ಲೆಕ್ಕಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಕೋಲಾರದವರೂ ಕರಾವಳಿಯವರೂ ಎದುರಿರುವಾಗ ಪ್ರಶ್ನಿಸುವ ಅವಕಾಶ ಇದ್ದಿದ್ದರೆ ಯಾವ ಲೆಕ್ಕ ಗಟ್ಟಿ ಎಂದು ಹಣ ಸುರಿಯುವ ಮೊದಲೇ ತಿಳಿಯುತ್ತಿತ್ತಲ್ಲವೇ?

ಎದುರಿಗಿಟ್ಟು ಕೇಳಿದ ನಿದರ್ಶನಗಳು

ಹಾಗೆ ಮಾಡಿದ ಉದಾಹರಣೆಗಳು ಇಲ್ಲದಿಲ್ಲ. 2009ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞ ಸಮಿತಿ ಬಿ.ಟಿ. ಬದನೆಗೆ ಒಪ್ಪಿಗೆ ನೀಡಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ಕೂಡಲೇ ಸಹಿ ಹಾಕದೆ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಸಭೆ ಕರೆದು ರೈತರನ್ನೂ ವಿಜ್ಞಾನಿಗಳನ್ನೂ ಕೇಳಿದರು. 2010ರ ಫೆಬ್ರವರಿ 9ರಂದು ತಡೆ ಘೋಷಿಸಿದರು. ಉಡುಪಿಯ ಮಟ್ಟುಗುಳ್ಳದಂಥ ತಳಿ ನಮ್ಮಲ್ಲಿರುವುದರಿಂದ ಕರಾವಳಿಗೂ ಇದು ದೂರದ ವಿಷಯವಾಗಿರಲಿಲ್ಲ. ಆ ತೀರ್ಮಾನ ತಪ್ಪೆಂದು ಹೇಳುವ ವಿಜ್ಞಾನಿಗಳೂ ಇದ್ದಾರೆ. ಆದರೆ ಯಾವ ಕಾರಣಕ್ಕೆ ತೀರ್ಮಾನಿಸಿದರೆಂಬುದು ಮುಚ್ಚಿಟ್ಟ ಫೈಲಿನಲ್ಲಿ ಉಳಿಯಲಿಲ್ಲ.

ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದರಲ್ಲಿ ಗ್ರಾಮಸಭೆಗಳ ಮಾತು ಕೇಳಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲಿನಲ್ಲಿ ತೀರ್ಪಿತ್ತಿತು. 12 ಗ್ರಾಮಸಭೆಗಳು ನಡೆದವು, ಹನ್ನೆರಡೂ ಬೇಡವೆಂದವು, ಗಣಿ ಬರಲಿಲ್ಲ. ಡೆನ್ಮಾರ್ಕ್ ದೇಶದಲ್ಲಿ 1987ರಿಂದ ಇನ್ನೊಂದು ಪದ್ಧತಿಯನ್ನು ಪ್ರಯತ್ನಿಸಿದರು. ಹತ್ತು ಹದಿನೈದು ಮಂದಿ ಸಾಮಾನ್ಯ ನಾಗರಿಕರನ್ನು ಆರಿಸಿ, ವಿಷಯ ಓದಲು ಸಮಯ ಕೊಟ್ಟು, ತಜ್ಞರನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿಸುವುದು. ಕೊನೆಗೆ ವರದಿ ಬರೆಯುವವರು ನಾಗರಿಕರು, ಅದು ಸಂಸತ್ತಿನ ಮುಂದೆ ಹೋಗುತ್ತದೆ. ಸಾಮಾನ್ಯರಿಗೆ ಕಠಿಣ ವಿಷಯ ಅರ್ಥವಾಗುವುದಿಲ್ಲ ಎಂಬ ಮಾತಿಗೆ ಇದು ಉತ್ತರ. ಅರ್ಥವಾಗುವಂತೆ ಹೇಳಿದರೆ, ಸಮಯ ಕೊಟ್ಟರೆ, ಅರ್ಥವಾಗುತ್ತದೆ.

ಹಾಗಾದರೆ ಯಾರು ತೀರ್ಮಾನಿಸಬೇಕು?

ಮೇಲಿನ ಸಂಗತಿಗಳನ್ನೆಲ್ಲ ಒಟ್ಟಿಗೆ ನೋಡಿದರೆ ಒಂದೇ ಪ್ರಶ್ನೆಯೆಂದು ನಾವು ತಿಳಿದಿದ್ದರಲ್ಲಿ ಮೂರು ಪ್ರಶ್ನೆಗಳಿರುವುದು ಗೊತ್ತಾಗುತ್ತದೆ.

ಮೊದಲನೆಯದು, ಸಂಗತಿ ಏನು? ಹೊಳೆಯಲ್ಲಿ ನೀರೆಷ್ಟು, ಗುಡ್ಡದ ಇಳಿಜಾರು ಎಷ್ಟು, ಮದ್ದಿನಲ್ಲಿ ವಿಷವೆಷ್ಟು. ಇದನ್ನು ಕೈ ಎತ್ತಿಸಿ ಮತ ಎಣಿಸಿ ನಿರ್ಧರಿಸಲಾಗದು. ಇದು ಅಳೆಯಬಲ್ಲವರ ಕೆಲಸ. ಆದರೆ ಅವರ ಅಳತೆಯನ್ನು ಇತರರು ಪರೀಕ್ಷಿಸುವಂತೆ ಬಹಿರಂಗವಾಗಿಡಬೇಕು.

ಎರಡನೆಯದು, ಯಾವುದಕ್ಕಾಗಿ ಏನನ್ನು ಬಿಟ್ಟುಕೊಡುವುದು? ಗೇರು ಫಸಲಿಗಾಗಿ ಎಷ್ಟು ಅಪಾಯ ಒಪ್ಪಬಹುದು, ಕಾಡಿಗಾಗಿ ಎಷ್ಟು ನಿರ್ಬಂಧ ತಾಳಬಹುದು, ನಷ್ಟವಾದರೆ ಯಾರು ಭರಿಸಬೇಕು. ಇದಕ್ಕೆ ಯಾವ ಡಿಗ್ರಿಯೂ ಉತ್ತರ ಕೊಡದು. ನಷ್ಟ ಯಾರ ತಲೆಯ ಮೇಲೆ ಬೀಳುತ್ತದೋ ಅವರ ಒಪ್ಪಿಗೆ ಇಲ್ಲದೆ ತೀರ್ಮಾನಿಸುವುದು ಅನ್ಯಾಯ.

ಮೂರನೆಯದು, ಸಭೆಯಲ್ಲಿ ಇಲ್ಲದವರ ಗತಿ ಏನು? ಮುಂಡಾಜೆಯ ಮೇಲಿನ ಗುಡ್ಡ ಮುಂಡಾಜೆಯವರದ್ದು ಮಾತ್ರವಲ್ಲ. ಅಲ್ಲಿಂದ ಇಳಿಯುವ ನೀರು ಬಂಟ್ವಾಳ ದಾಟಿ ತುಂಬೆಯಲ್ಲಿ ಮಂಗಳೂರಿನವರ ಕುಡಿಯುವ ನೀರಾಗುತ್ತದೆ. ನಾಳೆ ಹುಟ್ಟುವ ಮಕ್ಕಳಿಗೂ ಪಾಲಿದೆ. ಅವರು ನಮ್ಮ ಗ್ರಾಮಸಭೆಗೆ ಬಂದು ಕೈ ಎತ್ತಲಾರರು. ಆದುದರಿಂದ ಒಂದು ಊರಿನ ಬಹುಮತವೂ ಕೊನೆಯ ಮಾತಾಗಲಾರದು. ಇಲ್ಲಿ ಕಾನೂನು, ಶಾಸನಸಭೆ, ನ್ಯಾಯಾಲಯ ಬೇಕು.

ತಜ್ಞ ಹೇಳಬೇಕು, ಬಾಳುವವನು ಒಪ್ಪಬೇಕು, ಚುನಾಯಿತರು ಹೊಣೆ ಹೊರಬೇಕು. ತಜ್ಞರ ಹೆಸರು ಹೇಳಿ ಹೊಣೆ ಜಾರಿಸುವ ಮಂತ್ರಿಯೂ, ಜನರ ಹೆಸರು ಹೇಳಿ ವರದಿ ಓದದೆ ತಿರಸ್ಕರಿಸುವ ಶಾಸಕನೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ನಾವು ಏನು ಮಾಡಬಹುದು?

ಕರಡು ಅಧಿಸೂಚನೆ ಬಂದಾಗ ಆಕ್ಷೇಪ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ. "ವಿರೋಧವಿದೆ" ಎಂಬ ಒಂದು ಸಾಲಿಗಿಂತ "ಇಂಥ ಸರ್ವೇ ನಂಬ್ರದಲ್ಲಿ ಕಾಡಲ್ಲ, 40 ವರ್ಷದ ತೋಟವಿದೆ" ಎಂಬ ದಾಖಲೆಸಹಿತ ಪತ್ರಕ್ಕೆ ತೂಕ ಹೆಚ್ಚು. ಪರಿಸರ ಅನುಮತಿ ಬೇಕಾದ ಯೋಜನೆಗಳಿಗೆ 2006ರ ನಿಯಮದಂತೆ 30 ದಿನ ಮುಂಚಿತವಾಗಿ ತಿಳಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. 2005ರ ಮಾಹಿತಿ ಹಕ್ಕು ಕಾಯಿದೆ ನಮ್ಮ ಕೈಯಲ್ಲಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ, ಗಿಡ, ತೊರೆಗಳ ದಾಖಲಾತಿ ಆಗಬೇಕು. ನಮ್ಮ ಪಂಚಾಯತ್‌ನಲ್ಲಿ ಆ ಪುಸ್ತಕ ಎಲ್ಲಿದೆ ಎಂದು ಒಮ್ಮೆ ವಿಚಾರಿಸಿ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಆ ಸಭೆಗೆ ನಾವು ಹೋಗುವುದು ಮನೆ, ದಾರಿದೀಪ, ಹಟ್ಟಿಯ ಸಹಾಯಧನ ಕೇಳಲು ಮಾತ್ರ. ಕೋರಂ ತುಂಬಿಸಲು ಸದಸ್ಯರು ಫೋನ್ ಮಾಡಿ ಕರೆಯಬೇಕಾದ ಸ್ಥಿತಿ. ದೊಡ್ಡ ತೀರ್ಮಾನಗಳಲ್ಲಿ ನಮ್ಮನ್ನು ಕೇಳಲಿಲ್ಲ ಎಂದು ದೂರುವ ನಾವು, ಕೇಳುವ ಜಾಗದಲ್ಲಿ ಇರುವುದಿಲ್ಲ ಎಂಬುದೂ ಅಷ್ಟೇ ಸತ್ಯ. ಊರಿನ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ಯುವಕ ಮಂಡಲಗಳು, ಸ್ವಸಹಾಯ ಸಂಘಗಳು ಇಂಗ್ಲಿಷ್ ವರದಿಯ ಮುಖ್ಯಾಂಶಗಳನ್ನು ಎರಡು ಪುಟದ ಕನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ.

ಮುಂದಿನ ಕರಡು ಬಂದಾಗ ಪುನಃ ಎರಡು ಗುಂಪಾಗಿ ಕೂಗಾಡಬೇಕೇ, ಅಥವಾ ವರದಿಯ ನಮ್ಮ ಊರಿನ ಪುಟವನ್ನು ಗ್ರಾಮಸಭೆಯ ಮೇಜಿನ ಮೇಲಿಟ್ಟು, ಬರೆದವರನ್ನೇ ಕರೆಸಿ, "ಸ್ವಾಮೀ, ಬನ್ನಿ, ಈ ತೋಟ ನೋಡಿ, ಆ ಗುಡ್ಡ ನೋಡಿ, ಬಳಿಕ ಹೇಳಿ, ನಾವೂ ಹೇಳುತ್ತೇವೆ" ಎನ್ನಬೇಕೇ? ಆ ತೀರ್ಮಾನ ಮಾತ್ರ ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ.